ಫ್ರೀಕ್ಯಾಡ್‌ನಲ್ಲಿ ಗೂಡ್ಸ್ ಆಟೊ ಸಿಜಿ: ಮೂರು ವರ್ಷ ಬಳಸಿದ ಮೇಲೆ

ಹೊಸೂರಿನ ಸುತ್ತ ಬ್ಯಾಟರಿ ಗೂಡ್ಸ್ ಆಟೊ ಕಟ್ಟುವ ಸಣ್ಣ ಶೆಡ್ಡುಗಳಿಗೆ ಗಾಡಿಯ ಸಿಜಿ (ಸೆಂಟರ್ ಆಫ್ ಗ್ರಾವಿಟಿ, ಅಂದರೆ ತೂಕದ ಕೇಂದ್ರ) ಲೆಕ್ಕ ಹಾಕಲು ಫ್ರೀಕ್ಯಾಡ್ ಎಂಬ ಉಚಿತ 3ಡಿ ವಿನ್ಯಾಸ ತಂತ್ರಾಂಶ ಸಾಕೇ? ಸಾಕು. ಆವೃತ್ತಿ 0.20ರಿಂದ 1.0ರವರೆಗೆ ಬಳಸಿ ಹೇಳುವ ಮಾತು: ಆಕಾರದ ಲೆಕ್ಕ ಕರಾರುವಾಕ್ಕು, ತೂಕದ ಲೆಕ್ಕ ಪೂರ್ತಿ ನಮ್ಮ ತಲೆಯ ಮೇಲೆ.

ಪೈಥಾನ್ ಕನ್ಸೋಲಿನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) ಘನವಸ್ತು, ಅಂದರೆ ಸಾಲಿಡ್‌ನ 'ಸೆಂಟರ್ ಆಫ್ ಮಾಸ್' ಕೇಳಿದರೆ ಮೂರು ಅಂಕಿ ಥಟ್ಟನೆ ಬರುತ್ತವೆ. ಆದರೆ ಅದು ಗಾತ್ರದ ಕೇಂದ್ರ. 'ಮಾಸ್' ಎಂದು ಕೇಳಿದರೂ ಬರುವುದು ಘನ ಮಿಲಿಮೀಟರ್ ಗಾತ್ರವೇ. ಸ್ಟೀಲ್ ಚಾಸಿ, ಫೈಬರ್ ಕ್ಯಾಬಿನ್ ಎರಡೂ ಅದಕ್ಕೆ ಒಂದೇ. ಹಾಗಾಗಿ ಒಳಗಿನ ಸ್ಪ್ರೆಡ್‌ಶೀಟಿನಲ್ಲಿ ಭಾಗಕ್ಕೊಂದು ಸಾಲು ಬೇಕು. ಗಾತ್ರವನ್ನು ಸಾಂದ್ರತೆಯಿಂದ ಗುಣಿಸಿ (ಘನ ಮೀಟರಿಗೆ ಸ್ಟೀಲ್ 7850 ಕೆಜಿ, ಅಲ್ಯೂಮಿನಿಯಂ 2700) ನೂರು ಕೋಟಿಯಿಂದ ಭಾಗಿಸಿದರೆ ಕೆಜಿ. ತೂಕ ಗುಣಿಸು ಸ್ಥಾನ, ಎಲ್ಲ ಕೂಡಿ, ಒಟ್ಟು ತೂಕದಿಂದ ಭಾಗಿಸಿದರೆ ಸಿಜಿ.

ಕೊಂಡು ತಂದ ಭಾಗಗಳ ಒಳಹೊಟ್ಟೆಯ ಚಿತ್ರ ಬಿಡಿಸುವ ಗೋಜು ಬೇಡ. 12 ವೋಲ್ಟ್ ಬ್ಯಾಟರಿಯನ್ನು 330×172×220 ಮಿಮೀ ಡಬ್ಬವಾಗಿ ಬಿಡಿಸಿ. ತೂಗಿದಾಗ 30 ಕೆಜಿ ಬಂದರೆ ಸಾಂದ್ರತೆ ಸುಮಾರು 2400. ಮೋಟಾರಿಗೂ ಡಿಫರೆನ್ಷಿಯಲ್‌ಗೂ ಇದೇ ಉಪಾಯ. ಗಾಡಿಯ ಮುಕ್ಕಾಲು ತೂಕ ಹೀಗೆ ತಕ್ಕಡಿಯಿಂದಲೇ ಬಂದರೆ ಫಲಿತಾಂಶ ನಂಬಬಹುದು.

ಎಡವುವುದು ಎಲ್ಲಿ? ಎಲ್ಲಕ್ಕಿಂತ ಹೆಚ್ಚು ಸತಾಯಿಸುವುದು ಪಾರ್ಟ್ ಕಂಟೇನರ್, ಅಂದರೆ ಹಲವು ವಸ್ತುಗಳನ್ನು ಒಟ್ಟಿಗೆ ಸರಿಸಲು ಕಟ್ಟುವ ಗುಂಪು. ಅದರೊಳಗಿನ ವಸ್ತುವಿನ ಸಿಜಿ ಕಂಟೇನರಿನ ಅಳತೆಯಲ್ಲಿ ಬರುತ್ತದೆ, ಗಾಡಿಯ ಅಳತೆಯಲ್ಲಲ್ಲ. ಬ್ಯಾಟರಿ ಟ್ರೇಯ ಕಂಟೇನರನ್ನು ಹಿಂದಕ್ಕೆ ಸರಿಸಿದರೂ ಅಂಕಿ ಅಲ್ಲಾಡದಿದ್ದರೆ ಕಾರಣ ಇದೇ. ಕಂಟೇನರಿನ ಗ್ಲೋಬಲ್ ಪ್ಲೇಸ್‌ಮೆಂಟಿನಿಂದ (ಇಡೀ ಗಾಡಿಯ ಅಳತೆಯಲ್ಲಿ ಅದರ ಸ್ಥಾನ) ಗುಣಿಸಿ. ವಸ್ತುವಿನದರಿಂದ ಗುಣಿಸಿದರೆ ಅದರ ಸ್ವಂತ ಪ್ಲೇಸ್‌ಮೆಂಟ್ ಎರಡು ಸಲ ಸೇರಿಬಿಡುತ್ತದೆ. ಇನ್ನು, ಡಾಕ್ಯುಮೆಂಟಿನ ಎಲ್ಲ ವಸ್ತುಗಳನ್ನೂ ಕೂಡುವ ಮ್ಯಾಕ್ರೊ ಬರೆದರೆ ಬಾಡಿಯ (ಪೂರ್ತಿಯಾದ ಭಾಗ) ಜೊತೆ ಅದನ್ನು ಕಟ್ಟಿದ ಹಂತಗಳಾದ ಪ್ಯಾಡ್, ಪಾಕೆಟ್ ಕೂಡ ಲೆಕ್ಕಕ್ಕೆ ಬೀಳುತ್ತವೆ. ಬಾಡಿ ಮಾತ್ರ ಆರಿಸಿ. ಸ್ಟೆಪ್ ಫೈಲ್ (ಬೇರೆ ಕ್ಯಾಡ್‌ನಿಂದ ತಂದ ಮಾದರಿ) ಬರೀ ಶೆಲ್ (ಒಳಗೆ ತುಂಬಿರದ ಮೇಲ್ಮೈ) ಆಗಿ ಬಂದರೆ ಸಾಲಿಡ್ ಪಟ್ಟಿ ಖಾಲಿ ಇರುತ್ತದೆ. ಮಾದರಿಯಲ್ಲಿ 40×40×2 ಮಿಮೀ ಸ್ಕ್ವೇರ್ ಸ್ಟೀಲ್ ಪೈಪಿನ ತುದಿ ಇನ್ನೊಂದರೊಳಗೆ 40 ಮಿಮೀ ತೂರಿದ್ದರೆ ಜಾಯಿಂಟಿಗೆ ಸುಮಾರು 95 ಗ್ರಾಂ ಪುಕ್ಕಟೆ ತೂಕ.

ಈಗ ತಾಳೆ ನೋಡುವುದು. ಲಾರಿ ವೇಬ್ರಿಡ್ಜ್ ಈ ಕೆಲಸಕ್ಕೆ ಒರಟು. ರಾಯಕೋಟೆ ಟೊಮೆಟೊ ಮಂಡಿಯಲ್ಲಿ ಕಾಣುವಂಥ ಪ್ಲಾಟ್‌ಫಾರ್ಮ್ ತಕ್ಕಡಿ ಮೂರು ಬೇಕು, ಚಕ್ರಕ್ಕೊಂದು. ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 2000 ಮಿಮೀ, ಮುಂದೆ 150 ಕೆಜಿ, ಹಿಂದೆ 250 ಎಂದಿಟ್ಟುಕೊಳ್ಳಿ: ಮುಂದಿನ ಆಕ್ಸಲಿನಿಂದ ಸಿಜಿ 1250 ಮಿಮೀ. ಇಲ್ಲಿ ಕ್ಯಾಡ್‌ಗಿಂತ ತಕ್ಕಡಿಯೇ ಗುರು. ಎತ್ತರದಲ್ಲಿ ಮಾತ್ರ ಉಲ್ಟಾ. ಮುಂಚಕ್ರವನ್ನು 300 ಮಿಮೀ ಎತ್ತಿ ಅಳೆದರೆ, ಸಿಜಿ ಚಕ್ರದ ನಡುವಿಗಿಂತ 250 ಮಿಮೀ ಮೇಲಿದ್ದರೂ ಹಿಂದಕ್ಕೆ ಸರಿಯುವುದು ಬರೀ 7.6 ಕೆಜಿ. ತಕ್ಕಡಿ ಒಂದು ಕೆಜಿ ತಪ್ಪಿದರೆ ಎತ್ತರ 33 ಮಿಮೀ ತಪ್ಪುತ್ತದೆ. ಅದಕ್ಕೂ ಮೊದಲು ಶಾಕ್ ಅಬ್ಸಾರ್ಬರ್ ಜಾಗಕ್ಕೆ ಮರದ ತುಂಡು ಕಟ್ಟಿ ಸಸ್ಪೆನ್ಷನ್ ಬಿಗಿ ಮಾಡದಿದ್ದರೆ ಆ ಅಂಕಿಗೂ ಬೆಲೆಯಿಲ್ಲ. ಎತ್ತರಕ್ಕೆ ಕ್ಯಾಡ್ ಅಂಕಿಯನ್ನೇ ಹಿಡಿಯಿರಿ.

ಖಾಲಿ ಗಾಡಿಯ ಸಿಜಿಗೆ ನಿಲ್ಲಬೇಡಿ. ಮೇಲಿನ 400 ಕೆಜಿ ಗಾಡಿಯ ಸಿಜಿ ನೆಲದಿಂದ 480 ಮಿಮೀ, ಹಿಂದಿನ ಟ್ರ್ಯಾಕ್ (ಎರಡು ಹಿಂಚಕ್ರಗಳ ನಡುವಿನ ಅಗಲ) 1100 ಆದರೆ, ಮಗುಚುವ ಗೆರೆಗೆ (ಮುಂಚಕ್ರದಿಂದ ಒಂದು ಹಿಂಚಕ್ರಕ್ಕೆ ಎಳೆದ ಗೆರೆ) 331 ಮಿಮೀ ದೂರ, ಪಕ್ಕಕ್ಕೆ ಸುಮಾರು 34.6 ಡಿಗ್ರಿವರೆಗೆ ನಿಲ್ಲುತ್ತದೆ. 70 ಕೆಜಿ ಡ್ರೈವರ್ ಮುಂದಿನ ಆಕ್ಸಲಿನಿಂದ 600 ಮಿಮೀ ಹಿಂದೆ, ನೆಲದಿಂದ 800 ಮಿಮೀ ಎತ್ತರದಲ್ಲಿ ಕೂತರೆ ಅದೇ 30.1. ಒಂಟಿ ಮುಂಚಕ್ರದ ಗಾಡಿಯಲ್ಲಿ ತೂಕ ಮುಂದಕ್ಕೆ ಬಂದಷ್ಟೂ ಆಧಾರ ಕಿರಿದಾಗುತ್ತದಲ್ಲ! ಟೈರು, ಸಸ್ಪೆನ್ಷನ್ ಕುಗ್ಗುವುದು ಇದರಲ್ಲಿ ಸೇರಿಲ್ಲ. ಅಂಚೆಟ್ಟಿ ಕಡೆಯ ತಿರುವುಗಳಲ್ಲಿ ನಿಜವಾದ ಕೋನ ಇನ್ನೂ ಕಡಿಮೆ. ಖಾಲಿ, ಡ್ರೈವರ್ ಮಾತ್ರ, ಪೂರ್ತಿ ಕ್ರೇಟು ಎಂದು ಮೂರು ಶೀಟು ಇಡಿ.

ಐದಕ್ಕೆ ನಾಲ್ಕು ಕೊಡುತ್ತೇವೆ. ಕಳೆದ ಒಂದು ಪಾರ್ಟ್ ಕಂಟೇನರ್ ಲೆಕ್ಕಕ್ಕೆ.