ಮೈಕ್ ಸ್ಟ್ಯಾಂಡ್ ಬ್ಯಾಗ್ ತಗೊಳ್ಳೋರು ಓದಿ: "ಆರು ಹಿಡಿಸುತ್ತೆ" ಅಂದರೆ ನಂಬಬೇಡಿ

ಮೂರು ವಾರದಿಂದ ಬರೆಯಲೋ ಬೇಡವೋ ಅಂತ ಸುಮ್ಮನಿದ್ದೆ. ನಾಚಿಕೆ, ಇನ್ನೇನು. ಇಪ್ಪತ್ತು ವರ್ಷದಿಂದ ವೇದಿಕೆ ಹತ್ತಿ ಹಾಡುವವಳಿಗೆ ಒಂದು ಚೀಲ ಕೊಳ್ಳಲು ಬರಲಿಲ್ಲ ಅಂತ ಯಾರ ಮುಂದೆ ಹೇಳಿಕೊಳ್ಳುವುದು? ಆದರೆ ನಿನ್ನೆ ರಾತ್ರಿ ನನಗೆ ಬ್ಯಾಗ್ ಮಾರಿದ ಅಂಗಡಿಯವರ ವಾಟ್ಸಾಪ್ ಸ್ಟೇಟಸ್ ನೋಡಿದೆ. ಅದೇ ಬ್ಯಾಗ್. ಕೆಳಗೆ ದಪ್ಪ ಅಕ್ಷರದಲ್ಲಿ "8 ಸ್ಟ್ಯಾಂಡ್ ಹಿಡಿಸುತ್ತದೆ" ಅಂತ. ನನಗೆ ಆರು ಅಂದಿದ್ದರು. ಮೂರು ವಾರದಲ್ಲಿ ಬ್ಯಾಗ್ ಬೆಳೆದುಬಿಟ್ಟಿದೆ! ಇನ್ನು ಸುಮ್ಮನಿರಲು ನನ್ನಿಂದ ಆಗಲ್ಲ.

ನಮ್ಮದು ಭಾವಗೀತೆ, ಜಾನಪದ ಹಾಡುವ ಏಳು ಜನರ ಸಣ್ಣ ತಂಡ. ಗಣೇಶನ ಪೆಂಡಾಲು, ನವೆಂಬರ್ ಬಂದರೆ ರಾಜ್ಯೋತ್ಸವ, ಮಧ್ಯೆ ಬಡಾವಣೆಯ ಕನ್ನಡ ಸಂಘಗಳು, ಅಷ್ಟೇ. ಪೆಂಡಾಲಿನ ಸೌಂಡಿನವರು ಕೊಡುವ ಸ್ಟ್ಯಾಂಡ್ ಹೇಗಿರುತ್ತದೆ ಅಂತ ಹಾಡುವವರಿಗೆಲ್ಲ ಗೊತ್ತು. ಬೂಮ್, ಅಂದರೆ ಕಂಬದ ಮೇಲೆ ಮೈಕು ಹಿಡಿದಿರುವ ಅಡ್ಡ ಕೋಲು, ನಿಲ್ಲುವುದೇ ಇಲ್ಲ. ಪಲ್ಲವಿ ಹಾಡುವಾಗ ಬಾಯಿಯ ಮುಂದಿದ್ದ ಮೈಕು ಎರಡನೇ ಚರಣಕ್ಕೆ ಎದೆಯ ಹತ್ತಿರ ಇಳಿದಿರುತ್ತದೆ, ನಾವೂ ಅದರ ಜೊತೆ ಬಗ್ಗುತ್ತಾ ಹೋಗಬೇಕು. ಅದಕ್ಕೇ ಎರಡು ವರ್ಷದ ಹಿಂದೆ ಚಂದಾ ಹಾಕಿ ಸ್ವಂತಕ್ಕೆ ತಗೊಂಡೆವು. ಮೂರು ಕಾಲು ಮಡಚುವ ಎತ್ತರದವು ನಾಲ್ಕು. ತಬಲಾ, ಢೋಲಕ್‌ಗೆ ಗಿಡ್ಡನೆಯವು ಎರಡು, ಅವಕ್ಕೆ ಕೆಳಗೆ ದುಂಡನೆಯ ಕಬ್ಬಿಣದ ತಟ್ಟೆ.

ಸ್ಟ್ಯಾಂಡ್ ಬಂತು, ಒಯ್ಯುವುದು ಹೇಗೆ? ಹಳೆ ಸೀರೆ ಹರಿದು ಕಟ್ಟಿಗೆ ಹೊರೆ ಕಟ್ಟಿದ ಹಾಗೆ ಕಟ್ಟಿ ಆಟೋದಲ್ಲಿ ಹಾಕುತ್ತಿದ್ದೆವು. ಒಂದು ಕಡೆ ಕಾಲು ಹೊರಗೆ, ಇನ್ನೊಂದು ಕಡೆ ಬೂಮ್ ಹೊರಗೆ. "ಮೇಡಂ, ಇದೇನು ಪೈಪ್ ಲೈನ್ ಕೆಲಸಾನಾ?" ಅಂತ ಒಬ್ಬ ಆಟೋದವನು ಕೇಳಿದ್ದ. ಬ್ಯಾಗ್ ತಗೊಳ್ಳಲೇಬೇಕು ಅಂತ ಅವತ್ತೇ ತೀರ್ಮಾನ ಆಯಿತು.

ಒಂದು ಬುಧವಾರ ಬೆಂಗಳೂರಿನ ಬಳೇಪೇಟೆಗೆ ಹೋಗಿದ್ದೆ, ತಂಬೂರಿ ತಂತಿಗೆ. ಅಲ್ಲಿಂದ ಎಸ್.ಪಿ. ರಸ್ತೆ ಕಡೆ ನಡೆದೆ. ಅಂಗಡಿ ಹೆಸರು ಬರೆಯಲ್ಲ, ಕೇಳಬೇಡಿ. ಮೈಕು, ಕೇಬಲ್, ಸ್ಪೀಕರ್ ಎಲ್ಲ ಮಾರುವ ಕಡೆ. ಮಾತಾಡಿದ ಹುಡುಗ ಬಲು ವಿನಯ. ಕೂತ್ಕೊಳಿ ಅಕ್ಕಾ, ನೀರು ಕುಡೀರಿ ಅಕ್ಕಾ. ಬ್ಯಾಗ್ ಇಳಿಸಿದ. ಕಪ್ಪು ಬಣ್ಣ, ಉದ್ದ 40 ಇಂಚು ಅಂದ, ಹೊರಗೆ "1680 ಡಿ" ಅಂತ ಹೊಳೆಯುವ ಚೀಟಿ.

"ಆರು ಸ್ಟ್ಯಾಂಡ್ ಇದೆ ನಮ್ಮ ಹತ್ತಿರ. ಹಿಡಿಸುತ್ತಾ?"

"ಆರಾ? ಆರಾಮಾಗಿ ಹಿಡಿಸುತ್ತೆ ಅಕ್ಕಾ. ದೊಡ್ಡ ದೊಡ್ಡ ಆರ್ಕೆಸ್ಟ್ರಾದೋರು ಇದನ್ನೇ ಒಯ್ಯೋದು."

ನನ್ನ ಹತ್ತಿರ ಸ್ಟ್ಯಾಂಡ್ ಇರಲಿಲ್ಲ. ಸ್ಟ್ಯಾಂಡ್ ಒಯ್ಯಲು ಬ್ಯಾಗ್ ಇಲ್ಲ ಅಂತಲೇ ತಾನೇ ನಾನು ಬ್ಯಾಗ್ ತಗೊಳ್ಳಲು ಹೋದದ್ದು! ಅದನ್ನೇ ಹೇಳಿದೆ. ಅವನು ನಕ್ಕು, ತಮ್ಮದೇ ಒಂದು ಸ್ಟ್ಯಾಂಡ್ ತೆಗೆದ. ಟಕ್ ಅಂತ ಕಾಲು ಮಡಚಿದ, ಬ್ಯಾಗಿಗೆ ಹಾಕಿದ, ಜಿಪ್ ಸರ್ ಅಂತ ಎಳೆದ, ಒಂದು ಕೈಯಲ್ಲಿ ಎತ್ತಿ ತೂಗಾಡಿಸಿ ತೋರಿಸಿದ. "ನೋಡಿ ಅಕ್ಕಾ, ಇನ್ನೂ ಎಷ್ಟು ಜಾಗ ಇದೆ." ಜಾಗ ಇತ್ತು. ನಿಜವಾಗಲೂ ಇತ್ತು. ನಾನು ಫೋಟೋ ಬೇರೆ ತೆಗೆದು ತಂಡದ ಗುಂಪಿಗೆ ಕಳಿಸಿದೆ, "ಚೆನ್ನಾಗಿದೆ ಅಲ್ವಾ?" ಅಂತ. ಆರು ಹೆಬ್ಬೆರಳು ಬಂತು.

3,400 ಹೇಳಿ 2,700ಕ್ಕೆ ಇಳಿಸಿದ. ಬಿಲ್ ಕೇಳಿದೆ. "ಬಿಲ್ ಅಂದ್ರೆ 18 ಪರ್ಸೆಂಟ್ ಸೇರುತ್ತೆ ಅಕ್ಕಾ, ಸುಮ್ನೆ ಯಾಕೆ?" ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ, 486 ರೂಪಾಯಿ. ಬೇಡ ಅಂದೆ. ಹೌದು, ನಾನೇ ಅಂದೆ. ಒಂದು ಎಸ್ಟಿಮೇಟ್ ಚೀಟಿ ಹರಿದು ಕೊಟ್ಟ. 486 ಉಳಿಸಿದೆ ಅಂತ ಬೀಗುತ್ತಾ ಮೆಟ್ರೋ ಹತ್ತಿದ ಜಾಣೆ ನಾನು.

ಮನೆಗೆ ಬಂದು ಮೊದಲ ಸ್ಟ್ಯಾಂಡ್ ಹಾಕಿದೆ. ಒಂದು ತುದಿ ಹೊರಗೆ. ಓರೆಯಾಗಿ ಇಟ್ಟೆ, ಹೋಯಿತು. ಎರಡನೆಯದು ಹೋಗಲಿಲ್ಲ. ಬಟ್ಟೆ ಹೊಲಿಯುವ ಟೇಪು ತಂದು ಅಳೆದೆ. ಹೊರಗಿನಿಂದ, ಉಬ್ಬು, ಪೈಪಿಂಗ್ ಎಲ್ಲ ಸೇರಿ 40 ಇಂಚು. ಒಳಗೆ 37. ನಮ್ಮ ಸ್ಟ್ಯಾಂಡ್, ಬೂಮ್ ಮಡಚಿ ಕಂಬಕ್ಕೆ ಸೇರಿಸಿದರೂ 39.

ಹಾಗಾದರೆ ಅಂಗಡಿಯಲ್ಲಿ ಹೇಗೆ ಹೋಯಿತು? ಅಕ್ಕನ ಮಗ ಬಂದಿದ್ದ. ನಾನು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದ. "ಚಿಕ್ಕಮ್ಮಾ, ಇದರಲ್ಲಿ ಬೂಮೇ ಇಲ್ಲವಲ್ಲ!"

ಇರಲಿಲ್ಲ. ಬರೀ ಕಂಬ, ಕೆಳಗೆ ಕಾಲು. ಬೂಮೂ ಇಲ್ಲ, ಅದನ್ನು ಬಿಗಿಯುವ ಕ್ಲಚ್ಚೂ ಇಲ್ಲ. ನನ್ನ ಕಣ್ಣ ಮುಂದೆಯೇ ಇತ್ತು. ಫೋಟೋ ತೆಗೆದವಳೂ ನಾನೇ. ದಿನಾ ಬೂಮ್ ಹಿಡಿದು ಎತ್ತಿ ಇಳಿಸುವವಳು, ಬೂಮ್ ಇಲ್ಲದ ಸ್ಟ್ಯಾಂಡ್ ನೋಡಿ "ಚೆನ್ನಾಗಿದೆ ಅಲ್ವಾ" ಅಂತ ಬರೆದಿದ್ದೇನೆ. ಆ ಫೋಟೋ ಇನ್ನೂ ಗುಂಪಿನಲ್ಲಿದೆ, ಯಾರೂ ಅಳಿಸಲು ಬಿಡುತ್ತಿಲ್ಲ.

ಫೋನ್ ಮಾಡಿದೆ. ಆಗಿನ್ನೂ ವಿನಯ ಇತ್ತು.

"ಅಕ್ಕಾ, ಬೂಮ್ ಬಿಚ್ಚಿ ಹಾಕಿ. ಎಲ್ರೂ ಹಾಗೇ ಮಾಡೋದು."

ಎಲ್ಲರೂ ಹಾಗೆ ಮಾಡಲ್ಲ. ಪ್ರತಿ ಕಾರ್ಯಕ್ರಮಕ್ಕೂ ಬೂಮ್ ಬಿಚ್ಚಿ, ವಾಷರ್ ಹುಡುಕಿ, ಮತ್ತೆ ತಿರುಪಿ ಬಿಗಿಯುತ್ತಾ ಕೂತರೆ ಶ್ರುತಿ ಯಾವಾಗ ಮಾಡಿಕೊಳ್ಳುವುದು? ಆದರೆ ಭಾನುವಾರ ಕಾರ್ಯಕ್ರಮ ಇತ್ತು. ಬೈದುಕೊಳ್ಳುತ್ತಲೇ ಬಿಚ್ಚಿದೆವು. ಬಿಚ್ಚಿದರೆ ಆರೂ ಹೋದವು, ಅದನ್ನು ಒಪ್ಪಿಕೊಳ್ಳುತ್ತೇನೆ. ಜಿಪ್ಪನ್ನು ಒಬ್ಬರು ಒತ್ತಿ ಹಿಡಿದು ಇನ್ನೊಬ್ಬರು ಎಳೆಯಬೇಕಾಯಿತು, ಅಷ್ಟೇ.

ಭಾನುವಾರ. ಜೆ.ಸಿ. ರಸ್ತೆ ಹತ್ತಿರದ ಒಂದು ಸಭಾಂಗಣ. ಮೆಟ್ಟಿಲ ಮೇಲೆ ಜನ, ಸಂಘದ ಅಧ್ಯಕ್ಷರು ಹಾರ ಹಿಡಿದು ಯಾರಿಗೋ ಕಾಯುತ್ತಿದ್ದಾರೆ. ಅಕ್ಕನ ಮಗ ಬ್ಯಾಗ್ ಹೆಗಲಿಗೆ ಹಾಕಿ ಐದನೇ ಮೆಟ್ಟಿಲು ಹತ್ತಿದ್ದ. ಪರ್ ಅಂತ ಒಂದು ಸದ್ದು. ಬೆಲ್ಟ್ ಅವನ ಹೆಗಲ ಮೇಲೇ ಉಳಿಯಿತು, ಬ್ಯಾಗ್ ಕೆಳಗೆ. ಬಿದ್ದ ಏಟಿಗೆ ಜಿಪ್ ಬಾಯಿ ಬಿಟ್ಟಿತು. ಕಬ್ಬಿಣದ ತಟ್ಟೆಯ ಗಿಡ್ಡನೆಯವು ಎರಡೂ ಮೆಟ್ಟಿಲ ಮೇಲೆ ಉರುಳಿದವು, ಘಣ್ ಘಣ್ ಘಣ್. ಯಾರ ಕಾಲಿನ ಮೇಲೂ ಬೀಳಲಿಲ್ಲ, ದೇವರು ದೊಡ್ಡವನು. ಒಬ್ಬ ಹಿರಿಯರು ಪಕ್ಕಕ್ಕೆ ಸರಿದು, "ಕಾರ್ಯಕ್ರಮ ಶುರುವಾಯ್ತೇನಮ್ಮಾ?" ಅಂದರು. ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು. ಎರಡು ನಾಬ್ ಮುರಿದಿತ್ತು, ಒಂದು ಕ್ಲಚ್ ಸೀಳಿತ್ತು. ಆ ದಿನ ಮತ್ತೆ ಸಭಾಂಗಣದವರದೇ ಸ್ಟ್ಯಾಂಡ್, ಮತ್ತೆ ಅದೇ ಬಗ್ಗುತ್ತಾ ಹಾಡುವುದು.

ಸೋಮವಾರ ಬೆಳಿಗ್ಗೆ ಹರಿದ ಜಾಗದ ಫೋಟೋ ಕಳಿಸಿದೆ. ಬಂದ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ, ಓದಿ.

"ಎಷ್ಟು ಸ್ಟ್ಯಾಂಡ್ ಹಾಕಿದ್ರಿ?"

ಆರು ಅಂದೆ. ನೀವೇ ಹೇಳಿದ್ದು ಅಂದೆ.

"ಓವರ್‌ಲೋಡ್ ಆಗಿದೆ ಮೇಡಂ." ಇಲ್ಲಿಂದ ಅಕ್ಕ ಹೋಗಿ ಮೇಡಂ ಬಂದಳು, ಗಮನಿಸಿ.

ಆಮೇಲೆ ಒಂದು ಫೋಟೋ. ಬ್ಯಾಗಿನ ಒಳಗೆ, ಲೈನಿಂಗ್ ಮೂಲೆಯಲ್ಲಿ ಹೊಲಿದ ಬೆರಳುಗುರಿನಷ್ಟು ಚೀಟಿ. ಅದಕ್ಕೆ ಕೆಂಪು ಸುತ್ತು ಹಾಕಿ ಕಳಿಸಿದ್ದ. ಗರಿಷ್ಠ 10 ಕೆಜಿ. ನನ್ನ ಬ್ಯಾಗ್ ತಿರುಗಿಸಿ ನೋಡಿದೆ. ಇದೆ, ಅಲ್ಲೇ ಇದೆ.

"ಆರು ಹಿಡಿಸುತ್ತೆ ಅಂತ ನೀವೇ ಹೇಳಿದ್ದಲ್ವಾ?" ಅಂತ ಬರೆದೆ.

"ಹಿಡಿಸುತ್ತೆ ಅಂದೆ ಮೇಡಂ. ಹೊರುತ್ತೆ ಅಂತ ಹೇಳಿಲ್ಲ."

ಈ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಹಿಡಿಸುತ್ತೆ ಅಂದೆ, ಹೊರುತ್ತೆ ಅಂತ ಹೇಳಿಲ್ಲ. ಬ್ಯಾಗ್ ಮಾರುವವನ ಬಾಯಲ್ಲಿ ಈ ಮಾತು! ಹೊರದೆ ಮತ್ತೇನು ಮಾಡಬೇಕು ಬ್ಯಾಗಿನಲ್ಲಿ, ಪೂಜೆ ಮಾಡಬೇಕಾ? ಬೇರೆ ಕೊಡಿ ಅಂದರೆ "ಎಕ್ಸ್‌ಚೇಂಜ್ ಇಲ್ಲ". ದುಡ್ಡು ವಾಪಸ್ ಅಂದರೆ "ಬಿಲ್ ಕಳಿಸಿ ಮೇಡಂ". ಬಿಲ್! ಬಿಲ್ ಸುಮ್ನೆ ಯಾಕೆ ಅಂದವನೇ ಅವನು. ಅದಾದ ಮೇಲೆ ಎರಡು ನೀಲಿ ಗೆರೆ, ಉತ್ತರ ಇಲ್ಲ.

ತೂಕದ ವಿಷಯದಲ್ಲಿ ನನ್ನ ತಪ್ಪೂ ಇದೆ. ಕೊಳ್ಳುವ ಮೊದಲೇ ತೂಗಬೇಕಿತ್ತು. ಆಮೇಲೆ ಮನೆಯ ತೂಕದ ಮಷಿನ್ ಮೇಲೆ ಬ್ಯಾಗ್ ಎತ್ತಿಕೊಂಡು ನಿಂತೆ, ನನ್ನ ತೂಕ ಕಳೆದೆ (ಅದು ಎಷ್ಟು ಅಂತ ಇಲ್ಲಿ ಬರೆಯಲ್ಲ). 19 ಕೆಜಿ ಬಂತು. ಎತ್ತರದ ಒಂದೊಂದೂ ಹೆಚ್ಚುಕಡಿಮೆ 3 ಕೆಜಿ, ಉಳಿದದ್ದು ಆ ತಟ್ಟೆಗಳ ಪ್ರತಾಪ. ಹೊತ್ತಿದ್ದು ನಾನಲ್ಲ, ಪಾಪ ಅಕ್ಕನ ಮಗ, ಅವನೂ ಬಾಯಿ ಬಿಟ್ಟಿರಲಿಲ್ಲ.

ಮುರಿದ ಬ್ಯಾಗ್ ಎತ್ತಿಕೊಂಡು ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟ್ ಕವರ್ ಹೊಲಿಯುವವರ ಹತ್ತಿರ ಹೋದೆ. ವಯಸ್ಸಾದವರು. ಹರಿದ ಜಾಗ ನೋಡಿದರು, ಎರಡು ಬೆರಳಲ್ಲಿ ಬಟ್ಟೆ ಉಜ್ಜಿದರು.

"ಬಟ್ಟೆಗೇನಾಗಿದೆಯಮ್ಮಾ, ಎಲ್ಲೂ ಹರಿದಿಲ್ಲ. ಹೊಲಿಗೆ ಕಿತ್ತುಕೊಂಡಿದೆ."

ನಾನು ಅಲ್ಲಿಯವರೆಗೆ ಆ 1680 ಚೀಟಿಯನ್ನೇ ಬೈಯುತ್ತಿದ್ದೆ. ಡಿ ಅಂದರೆ ಡೆನಿಯರ್. ನೂಲಿನ ದಪ್ಪದ ಲೆಕ್ಕ, 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಚೀಟಿಯ ಆ 1680 ನಿಜವೇ ಆಗಿರಬಹುದು, ಸುಳ್ಳೇ ಆಗಿರಬಹುದು. ಎರಡೂ ನನ್ನ ಉಪಯೋಗಕ್ಕೆ ಬರಲಿಲ್ಲ. ಯಾಕೆಂದರೆ ಬೆಲ್ಟನ್ನು ಜಿಪ್ಪಿನ ಪಕ್ಕದ ಪಟ್ಟಿಗೆ ಒಂದಿಂಚು ಒಳಗೆ ತೂರಿಸಿ, ಒಂದೇ ಸಾಲು ಹೊಲಿಗೆ ಹಾಕಿದ್ದರು. ಭಾರವೆಲ್ಲ ಆ ಒಂದಿಂಚಿನ ದಾರದ ಮೇಲೆ. ಅವರು ಅದನ್ನು ಉಗುರಿನಿಂದ ಎತ್ತಿ ತೋರಿಸಿದಾಗ ನನಗೆ ಅಳು ಬಂತೋ ಸಿಟ್ಟು ಬಂತೋ ಗೊತ್ತಾಗಲಿಲ್ಲ. ಅಂಗಡಿಯಲ್ಲಿ ಒಂದು ಕೈಯಲ್ಲಿ ತೂಗಾಡಿಸಿದ್ದು ಬೂಮ್ ಇಲ್ಲದ ಒಂದೇ ಒಂದು ಸ್ಟ್ಯಾಂಡ್!

ಅವರ ಹತ್ತಿರವೇ ದಪ್ಪ ಕ್ಯಾನ್ವಾಸಿನಲ್ಲಿ ಎರಡು ಬ್ಯಾಗ್ ಹೊಲಿಸಿದೆ. ಎರಡೂ ಸೇರಿ 2,400. ಒಳಗಿನ ಅಳತೆ 42 ಇಂಚು. ಬೆಲ್ಟ್ ಬ್ಯಾಗಿನ ಹೊಟ್ಟೆಯ ಕೆಳಗಿಂದ ಸುತ್ತಿ ಬಂದಿದೆ, ತಳದಿಂದಲೇ ಎತ್ತುತ್ತದೆ. ಬೆಲ್ಟ್ ಸೇರುವ ಕಡೆ ಚೌಕದ ಹೊಲಿಗೆ, ಅದರೊಳಗೆ ಮೂಲೆಯಿಂದ ಮೂಲೆಗೆ ಇನ್ನೆರಡು ಸಾಲು. ಬ್ಯಾಗಿಗೆ ಎತ್ತರದವು ಎರಡೆರಡೇ, ಬೂಮ್ ಬಿಚ್ಚುವ ಹಾಗಿಲ್ಲ, ಮಧ್ಯೆ ಹಳೆ ಕಂಬಳಿಯ ತುಂಡು. ಕಬ್ಬಿಣದ ತಟ್ಟೆಗಳನ್ನು ತಿರುಪಿ ಬಿಚ್ಚಿ ಬೇರೆ ಕೈಚೀಲದಲ್ಲಿ ಒಯ್ಯುತ್ತೇವೆ, ತರಕಾರಿ ಚೀಲ ಸಾಕು ಅದಕ್ಕೆ.

ನೀವು ತಗೊಳ್ಳುವುದಾದರೆ ಸೀರೆಯಲ್ಲಿ ಕಟ್ಟಿಕೊಂಡಾದರೂ ನಿಮ್ಮ ಸ್ಟ್ಯಾಂಡುಗಳನ್ನು ಅಂಗಡಿಗೇ ಒಯ್ಯಿರಿ. ಎಲ್ಲವನ್ನೂ. ಬೂಮ್ ಸಮೇತ. ಅಲ್ಲೇ ತುಂಬಿಸಿ, ಅಲ್ಲೇ ಹೆಗಲಿಗೆ ಹಾಕಿ, ಅಲ್ಲೇ ಹತ್ತು ಹೆಜ್ಜೆ ನಡೆಯಿರಿ. ಮುಜುಗರ ಆದರೆ ಅಂಗಡಿಯಲ್ಲೇ ಆಗಲಿ, ಸಭಾಂಗಣದ ಮೆಟ್ಟಿಲ ಮೇಲೆ ಬೇಡ. ಹೊರಗಿನ ಚೀಟಿ ಓದಬೇಡಿ, ಒಳಗಿನ ಚೀಟಿ ಹುಡುಕಿ. ಬಿಲ್ ತಗೊಳ್ಳಿ. 18 ಪರ್ಸೆಂಟ್ ಹೋದರೆ ಹೋಗಲಿ.

ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ತಗೊಳ್ಳಲ್ಲ ಅನ್ನುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪ್ಪು ಅಂತ ಅಕ್ಕನ ಮಗ ಓದಿ ಹೇಳಿದ. ಇವತ್ತಿಗೆ 25 ದಿನ. ಬೆಳಿಗ್ಗೆ 1915ಕ್ಕೆ ಫೋನ್ ಮಾಡಿದೆ, ಅದು ಗ್ರಾಹಕರ ಸಹಾಯವಾಣಿ. ಮೊದಲು ಅಂಗಡಿ ಹೆಸರು ಕೇಳಿದರು, ಆಮೇಲೆ ಬಿಲ್ ಇದೆಯಾ ಅಂದರು. ಎಸ್ಟಿಮೇಟ್ ಚೀಟಿ ಕೈಯಲ್ಲಿ ಹಿಡಿದುಕೊಂಡೇ ಮಾತಾಡುತ್ತಿದ್ದೆ. ಅದರಲ್ಲಿ ಅಂಗಡಿ ಹೆಸರೂ ಇಲ್ಲ, ಮೊಹರೂ ಇಲ್ಲ. "ಬ್ಯಾಗ್ 1, 2700" ಅಂತ ಮಾತ್ರ ಇದೆ. ಯುಪಿಐ ಕೂಡ ಯಾರೋ ಒಬ್ಬರ ಸ್ವಂತ ಹೆಸರಿಗೆ ಹೋಗಿದೆ. ಅದನ್ನೂ ವಾಟ್ಸಾಪ್ ಮಾತುಕತೆಯನ್ನೂ ಸೇರಿಸಿ ದೂರು ಕೊಟ್ಟಿದ್ದೇನೆ. ಆ ಹಿಡಿಸುತ್ತೆ-ಹೊರುತ್ತೆ ಸಾಲನ್ನೂ ಬಿಟ್ಟಿಲ್ಲ, ಕೆಂಪು ಸುತ್ತು ಹಾಕಿಯೇ ಕಳಿಸಿದ್ದೇನೆ.