ಕುದುರೆಮುಖದಲ್ಲಿ ಎರಡು ದಿನ: ಹತ್ತುವವರಿಗೂ, ಹತ್ತಲಾಗದವರಿಗೂ

ಧಾರವಾಡದಿಂದ ಬಂದಿದ್ದ ನಮ್ಮ ಸೋದರತ್ತೆಗೆ ಎಪ್ಪತ್ತು ದಾಟಿದೆ, ಮಂಡಿ ನೋವೂ ಇದೆ; ಅವರ ಮೊಮ್ಮಕ್ಕಳಿಗೋ ಶಿಖರ ಮುಟ್ಟಿಯೇ ತೀರಬೇಕೆಂಬ ಹಟ. ಇಬ್ಬರನ್ನೂ ಒಂದೇ ಪ್ರವಾಸದಲ್ಲಿ ತೃಪ್ತಿಪಡಿಸಲು ಸಾಧ್ಯವೇ ಎಂಬ ಅನುಮಾನದಿಂದಲೇ ನವೆಂಬರಿನಲ್ಲಿ ಚಿಕ್ಕಮಗಳೂರಿನಿಂದ ಹೊರಟೆವು. ಸಾಧ್ಯವಿದೆ, ಆದರೆ ವಾಹನದ ವ್ಯವಸ್ಥೆಯನ್ನು ಮೊದಲೇ ಮಾಡಿಕೊಂಡಿರಬೇಕು.

ಮೂಡಿಗೆರೆ, ಕೊಟ್ಟಿಗೆಹಾರದ ಮೂಲಕ ಕಳಸ ತಲುಪಿದೆವು. ಮಲೆನಾಡಿನ ಮೂಲೆಮೂಲೆಗೂ ಬಸ್ಸು ಓಡಿಸುತ್ತಿದ್ದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತ ಮೇಲೆ, ಬಸ್ಸನ್ನೇ ನಂಬಿ ಈ ಭಾಗ ಸುತ್ತುವುದು ತಾಳ್ಮೆಯ ಪರೀಕ್ಷೆಯಾಗಿದೆ. ವಯಸ್ಸಾದವರು ಜೊತೆಗಿದ್ದರೆ ಸ್ವಂತ ಕಾರೋ ಬಾಡಿಗೆ ಕಾರೋ ಅನಿವಾರ್ಯ.

ಕಾರು ಸಂಸೆಯ ಕಡೆ ನಿಲ್ಲಬೇಕು. ಚಾರಣ ಶುರುವಾಗುವ ಮುಳ್ಳೋಡಿಗೆ ಜೀಪೇ ಗತಿ. ಕಲ್ಲು, ಕೊರಕಲು, ಕಡಿದಾದ ತಿರುವುಗಳ ಆ ಹಾದಿಯಲ್ಲಿ ನಮ್ಮ ಚಾಲಕರು ಜೀಪನ್ನು ಎಷ್ಟು ಸಮಾಧಾನದಿಂದ ನಡೆಸಿದರೆಂದರೆ, ಮುಂದಿನ ಸೀಟಿನಲ್ಲಿದ್ದ ಅತ್ತೆ ‘ನಮ್ಮೂರ ಚಕ್ಕಡಿಗಿಂತ ಇದೇ ಮೇಲು ನೋಡಪಾ’ ಎಂದರು. ತಂಗಿದ್ದ ಹೋಂಸ್ಟೇಯವರು ಮಾತ್ರ ಫೋನಿನಲ್ಲಿ ಒಬ್ಬರಿಗಿಷ್ಟು ಎಂದು ಹೇಳಿದ್ದ ಮೊತ್ತದಲ್ಲಿ ಜೀಪಿನ ಬಾಡಿಗೆ ಸೇರಿಲ್ಲವೆಂಬುದನ್ನು ಬಿಲ್ಲು ಕೊಡುವಾಗ ತಿಳಿಸಿದರು. ಬಾಡಿಗೆ ತಲೆಗೋ ಜೀಪಿಗೋ, ಹೋಗಿಬರಲು ಸೇರಿಯೋ ಎಂಬುದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಚಾರಣಕ್ಕೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಮಾಡಿಸಿರಬೇಕು. ಹೋಗಿಬರಲು ಸುಮಾರು 20 ಕಿಲೋಮೀಟರ್. ಹುಡುಗರು ಬೆಳಿಗ್ಗೆ ಬೇಗನೆ ಹೊರಟು, ಹಳ್ಳಗಳನ್ನು ದಾಟಿ, ಒಂಟಿಮರದ ಬಳಿ ಬುತ್ತಿ ಬಿಚ್ಚಿ, 1,890 ಮೀಟರಿಗೂ ಮೇಲಿರುವ ತುದಿ ತಲುಪಿದಾಗ ಮಂಜು ಮುಸುಕಿ ಏನೂ ಕಾಣಲಿಲ್ಲವಂತೆ. ಆದರೂ ಅವರ ಮಾತೆಲ್ಲ ದಾರಿಯುದ್ದಕ್ಕೂ ಅಲೆಯಲೆಯಾಗಿ ಹಬ್ಬಿದ ಹುಲ್ಲುಗಾವಲು ಮತ್ತು ಕಣಿವೆಗಳಲ್ಲಿ ಅಡಗಿದ ಶೋಲಾ ಕಾಡಿನ ಬಗ್ಗೆಯೇ ಇತ್ತು. ಮಳೆ ನಿಂತ ಹೊಸತರಲ್ಲಿ ಆ ಹಸಿರು ಇನ್ನೂ ಉಳಿದಿರುತ್ತದೆ. ಬೇಸಿಗೆ ಹತ್ತಿರವಾದಂತೆ ಹುಲ್ಲು ಒಣಗಿ, ಕಾಡ್ಗಿಚ್ಚಿನ ಭಯದಿಂದ ಚಾರಣವನ್ನೇ ನಿಲ್ಲಿಸುವುದುಂಟು.

ಮರುದಿನ ಅತ್ತೆಯ ಸರದಿ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ, ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡಿನ ನಡುವೆಯೇ ಡಾಂಬರು ರಸ್ತೆ ಹಾದುಹೋಗುವುದರಿಂದ, ನಡೆಯಲಾಗದವರೂ ಕುಳಿತಲ್ಲಿಂದಲೇ ಬೆಟ್ಟಸಾಲನ್ನು ಕಣ್ತುಂಬ ನೋಡಬಹುದು. ಗೇಟಿನಲ್ಲಿ ವಾಹನದ ಸಂಖ್ಯೆ, ಒಳಹೊಕ್ಕ ಸಮಯ ಬರೆದ ಚೀಟಿ ಕೊಡುತ್ತಾರೆ; ಅವಧಿಯೊಳಗೆ ಇನ್ನೊಂದು ತುದಿ ದಾಟಬೇಕು, ಕಂಡಲ್ಲೆಲ್ಲ ನಿಲ್ಲಿಸುವಂತಿಲ್ಲ. ಕೆಲವರಿಗೆ ಇದು ಕಿರಿಕಿರಿ. ರಸ್ತೆಬದಿಯಲ್ಲಿ ಚಿಪ್ಸ್ ಪೊಟ್ಟಣ ಬಿಚ್ಚಿ ಮಂಗಗಳನ್ನು ಕರೆಯುವವರನ್ನು ಬೇರೆ ಕಡೆ ಕಂಡಿರುವ ನನಗೆ ಈ ಕಟ್ಟುನಿಟ್ಟು ಸರಿಯೆಂದೇ ತೋರಿತು.

ರಸ್ತೆಗೆ ಅಂಟಿಕೊಂಡಂತೆಯೇ ಇರುವ ಕದಂಬಿ ಜಲಪಾತವನ್ನು ಅತ್ತೆ ಕಾರಿನ ಕಿಟಕಿಯಿಂದಲೇ ನೋಡಿದರು. ಹನುಮಾನ್ ಗುಂಡಿ ಜಲಪಾತ ಹಾಗಲ್ಲ: ಟಿಕೆಟ್ ಪಡೆದು ನೂರಾರು ಮೆಟ್ಟಿಲು ಇಳಿಯಬೇಕು, ಮತ್ತೆ ಅಷ್ಟನ್ನೂ ಹತ್ತಬೇಕು. ಮಂಡಿ ನೋವಿದ್ದವರು ಮೇಲೆಯೇ ಉಳಿಯುವುದು ಲೇಸು.

ನನ್ನನ್ನು ಹೆಚ್ಚು ಹೊತ್ತು ಕಾಡಿದ್ದು ಕುದುರೆಮುಖ ಪೇಟೆ. ಇಲ್ಲಿಂದ ಕಬ್ಬಿಣದ ಅದಿರಿನ ಪುಡಿ ನೀರಿನೊಡನೆ ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಹರಿದು ಮಂಗಳೂರು ಸೇರುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ಮುಚ್ಚಿದ ಮೇಲೆ ಉಳಿದದ್ದು ಖಾಲಿ ಕ್ವಾರ್ಟರ್ಸುಗಳು ಮತ್ತು ಗಣಿಯ ಕೆಸರನ್ನು ತಡೆದಿಡಲು ಕಟ್ಟಿದ ಲಕ್ಯಾ ಅಣೆಕಟ್ಟು. ‘ಇಷ್ಟು ಮನಿಯೊಳಗ ಒಂದರಾಗೂ ದೀಪ ಇಲ್ಲಲ್ಲಪಾ’ ಎಂದು ಅತ್ತೆ ಕೇಳುತ್ತಿರುವಾಗಲೇ ಚೀಟಿಯ ಸಮಯ ನೆನಪಾಗಿ ಕಾರು ಮುಂದೆ ಬಿಟ್ಟೆ.