ಮೋಹನ್‌ಲಾಲ್ ಅಭಿಮಾನಿಗೆ ರುಚಿಸದ ‘ಚಿತ್ರಂ’

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕಲಿತ ನನ್ನಂಥ ಅನೇಕರಿಗೆ ಮಲಯಾಳ ಒಲಿದದ್ದು ಪಠ್ಯಪುಸ್ತಕದಿಂದಲ್ಲ, ಮೋಹನ್‌ಲಾಲ್ ಸಿನಿಮಾಗಳಿಂದ. ‘ಕಿರೀಡಂ’, ‘ಭರತಂ’ಗಳನ್ನು ಎಷ್ಟು ಸಲ ನೋಡಿದ್ದೇನೆಂಬ ಲೆಕ್ಕವೇ ಇಲ್ಲ, ‘ವಾನಪ್ರಸ್ಥಂ’ನಲ್ಲಿ ಅವರು ಕಥಕಳಿಯ ಬಣ್ಣ ಹಚ್ಚಿಕೊಂಡು ಕುಳಿತಾಗ, ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಆಸುಪಾಸಿನಲ್ಲಿ, ವೇಷ ಕಟ್ಟುವ ಚೌಕಿಗಳನ್ನು ಇಣುಕುತ್ತಲೇ ಬೆಳೆದ ನನಗೆ ಇವರು ನಮ್ಮವರೇ ಅನ್ನಿಸಿದ್ದುಂಟು. ಹಾಗಾಗಿ 1988ರ ‘ಚಿತ್ರಂ’ ನನಗೆ ಇಷ್ಟವಿಲ್ಲವೆಂದರೆ ನಮ್ಮ ಮನೆಯಲ್ಲಿಯೇ ಯಾರೂ ನಂಬುವುದಿಲ್ಲ. ಕಳೆದ ಓಣಂ ರಜೆಯಲ್ಲಿ ಮನೆಮಂದಿಯೆಲ್ಲ ಕೂಡಿ ಅದನ್ನು ಮತ್ತೊಮ್ಮೆ ನೋಡಿದೆವು. ನನ್ನ ಅಸಮಾಧಾನ ಕಡಿಮೆಯಾಗುವ ಬದಲು ಗಟ್ಟಿಯಾಯಿತು.

ಪ್ರಿಯದರ್ಶನ್ ಬರೆದು ನಿರ್ದೇಶಿಸಿದ ಈ ಸಿನಿಮಾ ಎರ್ನಾಕುಲಂನಲ್ಲಿ ಒಂದು ವರ್ಷ ಓಡಿದ್ದು. ಮೆಚ್ಚಿದ ಹುಡುಗ ಕೈಕೊಟ್ಟ ಮೇಲೆ, ಅಮೆರಿಕದಿಂದ ಬರುವ ಕಾಯಿಲೆಯ ತಂದೆಯೆದುರು ತೋರಿಸಲು ಕಲ್ಯಾಣಿಗೆ (ರಂಜಿನಿ) ಒಬ್ಬ ಗಂಡ ಬೇಕಾಗುತ್ತಾನೆ. ಹಿತೈಷಿಯಾದ ಕೈಮಳ್ (ನೆಡುಮುಡಿ ವೇಣು) ಹಣ ಕೊಟ್ಟು ವಿಷ್ಣು (ಮೋಹನ್‌ಲಾಲ್) ಎಂಬ ಅಲೆಮಾರಿಯನ್ನು ಕರೆತರುತ್ತಾರೆ. ಕನ್ನಡದವರು ಇದೇ ಕಥೆಯನ್ನು 1993ರಲ್ಲಿ ದ್ವಾರಕೀಶ್ ನಿರ್ದೇಶಿಸಿದ, ವಿಷ್ಣುವರ್ಧನ್ ಅಭಿನಯದ ‘ರಾಯರು ಬಂದರು ಮಾವನ ಮನೆಗೆ’ಯಾಗಿ ಬಲ್ಲರು. ಯಾವುದು ಮೇಲು ಎಂಬ ಚರ್ಚೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ, ಮುಗಿಯುವ ಲಕ್ಷಣವೂ ಇಲ್ಲ.

ಒಳ್ಳೆಯದನ್ನು ಮುಚ್ಚಿಡಬಾರದು. ತ್ಯಾಗರಾಜರ ‘ನಗುಮೋಮು’ ಬರುವ ಸನ್ನಿವೇಶಕ್ಕಾಗಿಯೇ ನಾನು ಈ ಸಿನಿಮಾದೆದುರು ಮತ್ತೆ ಮತ್ತೆ ಕುಳಿತಿದ್ದೇನೆ. ಆಭೇರಿ ರಾಗದ ಸ್ವರಗಳು ಏರುವ ಮೊದಲೇ ಮೋಹನ್‌ಲಾಲ್ ಹುಬ್ಬು ಏರುತ್ತದೆ, ಕೈ ಗಾಳಿಯಲ್ಲಿ ಆ ಏರಿಕೆಗೆ ಜಾಗ ಮಾಡಿಕೊಡುತ್ತದೆ, ಕಂಠ ಎಂ.ಜಿ. ಶ್ರೀಕುಮಾರ್ ಅವರದೆಂದು ತಿಳಿದಿದ್ದರೂ ಆ ಕ್ಷಣಕ್ಕೆ ಅದು ಮರೆತುಹೋಗುತ್ತದೆ. ಗುಟ್ಟು ಬಯಲು ಮಾಡಲು ಹೊಂಚು ಹಾಕುವ ಬಂಧುವಿನ ಪಾತ್ರದಲ್ಲಿ ಶ್ರೀನಿವಾಸನ್ ಅವರದೂ ಅಚ್ಚುಕಟ್ಟಾದ ಹಾಸ್ಯ. ಕಾಡಿನ ಜನರನ್ನು ನಗೆಗೆ ಸಾಮಗ್ರಿ ಮಾಡಿಕೊಂಡ ಭಾಗಗಳು ಮಾತ್ರ, ಕೊರಗ ಬುಡಕಟ್ಟಿನವರ ಕಾಲೊನಿಗಳನ್ನು ಹತ್ತಿರದಿಂದ ಕಂಡ ಈ ಜಿಲ್ಲೆಯವರಿಗೆ ಈಗ ಹಿತವಾಗಿ ಕಾಣಲಾರವು.

ನನ್ನ ನಿಜವಾದ ತಕರಾರು ಇರುವುದು ಕೊನೆಯ ಭಾಗದಲ್ಲಿ. ವಿಷ್ಣು ಮರಣದಂಡನೆಯ ಕೈದಿ, ಜೈಲಿನಿಂದ ತಪ್ಪಿಸಿಕೊಂಡು ಬಂದವನು, ಹಣ ಬೇಕಾಗಿದ್ದುದು ಮಗುವಿನ ಚಿಕಿತ್ಸೆಗೆ ಎಂಬುದು ಆಗ ತಿಳಿಯುತ್ತದೆ. ಅವನ ಹೆಂಡತಿ (ಲಿಸಿ) ಮಾತು ಬಾರದ ನರ್ತಕಿ. ಮನೆಗೆ ಬಂದುಹೋಗುತ್ತಿದ್ದ ಗಂಡಸೊಬ್ಬನ ಬಗ್ಗೆ ಅವನಿಗೆ ಸಂಶಯ ಹುಟ್ಟುತ್ತದೆ, ಜಗಳವಾಗುತ್ತದೆ, ಅವನ ಕೈಯಿಂದಲೇ ಅವಳು ಸಾಯುತ್ತಾಳೆ. ಬರುತ್ತಿದ್ದವನು ಅವಳ ಒಡಹುಟ್ಟಿದವನೆಂದು ಆಮೇಲೆ ಗೊತ್ತಾಗುತ್ತದೆ. ಬೇಕೆಂದು ಕೊಂದದ್ದಲ್ಲ ಎಂದು ಸಿನಿಮಾ ಹೇಳುತ್ತದೆ, ಒಪ್ಪೋಣ. ಸಂಶಯವಾದರೂ ಬೇಕೆಂದೇ ಪಟ್ಟದ್ದಲ್ಲವೇ? ಅದರ ಬಗ್ಗೆ ಒಂದು ಮಾತೂ ಇಲ್ಲ. ಎರಡೂವರೆ ಗಂಟೆಗೂ ಮಿಕ್ಕಿದ ಸಿನಿಮಾದಲ್ಲಿ ಆಕೆಗೆ ಸಿಗುವುದು ಒಂದಿಷ್ಟು ನೃತ್ಯ ಮತ್ತು ಸಾವು. ಕರೆದೊಯ್ಯಲು ಬಂದ ಜೈಲು ಅಧಿಕಾರಿಯೆದುರು ವಿಷ್ಣು, ಈಗ ಬದುಕುವ ಆಸೆಯಾಗುತ್ತಿದೆ, ತನ್ನನ್ನು ಕೊಲ್ಲದೆ ಬಿಡಲಾದೀತೇ ಎಂದು ಕೇಳುವ ದೃಶ್ಯಕ್ಕೆ ಕೇರಳವಿಡೀ ಅತ್ತಿದೆ, ನಾನೂ ಅತ್ತಿದ್ದೇನೆ. ಅದೇ ಪ್ರಶ್ನೆಯನ್ನು ಅವನೆದುರು ಕೇಳಲು ಅವಳಿಗೆ ನಾಲಗೆಯೇ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಈ ಸಲ.

ಸಾಧಾರಣ ನಟನೊಬ್ಬ ಈ ಪಾತ್ರ ಮಾಡಿದ್ದರೆ ಪ್ರೇಕ್ಷಕರು ಅಲ್ಲಿಯೇ ತಡೆದು ನಿಂತು ಲೆಕ್ಕ ಕೇಳುತ್ತಿದ್ದರೋ ಏನೋ. ಮೋಹನ್‌ಲಾಲ್ ಹಾಗೆ ಕೇಳಲು ಬಿಡುವುದಿಲ್ಲ. ಎರಡು ಗಂಟೆ ನಗಿಸಿ, ಕುಣಿಸಿ, ನಮ್ಮನ್ನು ತಮ್ಮ ಕಡೆಗೆ ಎಳೆದುಕೊಂಡವರು ಕೊನೆಗೆ ಸುಮ್ಮನೆ ತಲೆ ತಗ್ಗಿಸಿ ನಿಂತರೂ ಸಾಕು, ಕ್ಷಮೆ ತಾನಾಗಿ ಹೊರಡುತ್ತದೆ. ನಟನ ಶಕ್ತಿ ಹೆಚ್ಚಾದಷ್ಟೂ ಕಥೆಯ ಅನ್ಯಾಯ ಮರೆಯಾಗುವುದನ್ನು ಅಭಿಮಾನಿಯಾಗಿ ನೋಡುವುದು ಕಷ್ಟ, ಮತ್ತು ನನ್ನ ಮಟ್ಟಿಗೆ ಅವರ ಅಭಿನಯವೇ ಇಲ್ಲಿ ಸಿನಿಮಾದ ವಿರುದ್ಧ ಸಾಕ್ಷಿ ಹೇಳುತ್ತದೆ.

ಹಾಡುಗಳಿಗಾಗಿ, ಮಧ್ಯಂತರದವರೆಗಿನ ನಗುವಿಗಾಗಿ ನೋಡಬಯಸುವವರು ನೋಡಬಹುದು. ಆ ದಿನ ಸಿನಿಮಾ ಮುಗಿದು ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದಾಗ ಅಮ್ಮ, “ಆ ಮಾತು ಬಾರದ ಹುಡುಗಿಯ ಹೆಸರೆಂತ?” ಎಂದು ಕೇಳಿದರು. ಹತ್ತು ಸಲ ನೋಡಿದ ಅತ್ತಿಗೆಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ; ಮೊಬೈಲಿನಲ್ಲಿ ಹುಡುಕಿದ ಮೇಲೆ ಸಿಕ್ಕಿತು, ರೇವತಿ.